ಬಂಗಾರ ತೆಗೆಯುವ ಫಕ್ಕೀರವ್ವ

ಬೆಳಗಿನ ಆರು ಗಂಟೆ. ರಾಣೆಬೆನ್ನೂರಿನ ಹೊರವಲಯದ ಶೆಡ್ಡೊಂದರ ಮುಂದೆ ಟಂಟಂ ಆಟೊ ನಿಲ್ಲುತ್ತದೆ. ಇಳಿದ ಹೆಂಗಸು ಮೊಣಕೈವರೆಗೆ ಸೋಪು ಹಚ್ಚಿ ತೊಳೆದು, ನೀಲಿ ಕೋಟು ತೊಟ್ಟು, ಮಣಿಕಟ್ಟಿಗೆ ವೈರಿನ ಪಟ್ಟಿ ಕಟ್ಟಿಕೊಳ್ಳುತ್ತಾರೆ. ಮೈಯಲ್ಲಿನ ಕರೆಂಟು ನೆಲಕ್ಕೆ ಹರಿದುಹೋಗಲೆಂದು ಈ ಪಟ್ಟಿ. ಆಮೇಲೆ ಎರಡು ಪುಟ್ಟ ಪಾತ್ರೆಗಳ ಸ್ವಿಚ್ಚು ಒತ್ತಿ, ಒಳಗಿನ ಬೆಸುಗೆ ಲೋಹ ಕರಗುವುದನ್ನೇ ನೋಡುತ್ತ ನಿಲ್ಲುತ್ತಾರೆ. ನಾನು ಪೆನ್ನು ತೆಗೆದರೆ, "ಕುಂದ್ರಿ. ಇದು ಕರಗೂತನಾ ನನ್ನ ಮಾತಾಡ್ಸಬ್ಯಾಡ್ರಿ" ಎನ್ನುತ್ತಾರೆ. ಕೂತೆ.

ಚಿಮಟದಲ್ಲಿ ಒಂದು ಬಿಡಿಭಾಗ ಮೇಲೇಳುತ್ತದೆ. ಜೋಳದ ಕಾಳಿನಷ್ಟು ಮೈ, ಕೂದಲಿನಂಥ ಕಾಲುಗಳು, ಕಾಲಿಗೆಲ್ಲ ಬಂಗಾರದ ಲೇಪ. ಮೊದಲ ಪಾತ್ರೆಯಲ್ಲಿ ಅದ್ದಿದರೆ ಬಂಗಾರ ಕರಗಿ ಹೋಗುತ್ತದೆ. ಎರಡನೆಯದರಲ್ಲಿ ಅದ್ದಿದರೆ ಶುದ್ಧ ಬೆಸುಗೆ ಲೋಹ ಅಂಟಿಕೊಳ್ಳುತ್ತದೆ. ನಾವು ಗ್ರಾಮಿಗಿಷ್ಟು ಎಂದು ಬಾಯಿ ಬಾಯಿ ಬಿಡುವ ಬಂಗಾರವನ್ನು ಇಲ್ಲಿ ಹೀಗೆ ಬೀಳ್ಕೊಡುತ್ತಾರೆ. ಬಂಗಾರ ಸೇರಿದ ಬೆಸುಗೆ ಗಡುಸಾಗಿ, ವಿಮಾನದ ನಡುಕಕ್ಕೆ ಬಿರುಕು ಬಿಡಬಹುದಂತೆ. ಯುದ್ಧವಿಮಾನದ ಉಪಕರಣಕ್ಕೆ ಹೋಗುವ ಇಂಥ ಬಿಡಿಭಾಗಗಳು ದಿನಕ್ಕೆ ನಾಲ್ಕು ನೂರರಷ್ಟು ಇವರ ಕೈ ದಾಟುತ್ತವೆ.

ಇವರು ಫಕ್ಕೀರವ್ವ. ವಯಸ್ಸು ಐವತ್ತರ ಆಸುಪಾಸು, ಊರು ದೇವರಗುಡ್ಡ. ಟಂಟಂ ಓಡಿಸಿಕೊಂಡು ಬಂದವರು ಅವರ ಗಂಡ ಸೋಮಪ್ಪ. "ನಮ್ಮಾಕಿ ದಿನಾ ಬಂಗಾರ ತೆಗೀತಾಳ್ರಿ, ಕೊಳ್ಳಾಗ ಮಾತ್ರ ಬರೇ ಕರಿಮಣಿ" ಎಂದು ಅವರು ನಗುತ್ತಾರೆ. ಈ ನಗೆಚಟಾಕಿಗೆ ಹತ್ತು ವರ್ಷ ತುಂಬಿರಬೇಕು. ಫಕ್ಕೀರವ್ವ ತಿರುಗಿಯೂ ನೋಡುವುದಿಲ್ಲ.

ಚಿಮಟ ಅವರ ಕೈಗೆ ಬಂದದ್ದು ಹೊಲದಲ್ಲಿ. ಇಲ್ಲಿಯ ಹೆಂಗಸರು ಹತ್ತಿ, ಟೊಮೇಟೊ ಬೀಜದ ಪ್ಲಾಟುಗಳಲ್ಲಿ ಕ್ರಾಸಿಂಗ್ ಮಾಡುತ್ತಾರೆ. ಮೊಗ್ಗು ಬಿಡಿಸಿ ಗಂಡು ಕೇಸರ ಕಿತ್ತು, ಹೆಣ್ಣು ಭಾಗಕ್ಕೆ ಬೇರೆ ತಳಿಯ ಪರಾಗ ಮುಟ್ಟಿಸುವ ಕೆಲಸ. ಬಿಸಿಲಲ್ಲಿ ಬಗ್ಗಿ ಬಗ್ಗಿ ಫಕ್ಕೀರವ್ವನ ನಡು ಹೋಯಿತು, ಕೈ ಮಾತ್ರ ಪಳಗಿತು. ಬೆಂಗಳೂರಿನ ಕಾರ್ಖಾನೆಯಲ್ಲಿ ದುಡಿದು ಊರಿಗೆ ಮರಳಿದ ರುದ್ರಮುನಿ ಈ ಶೆಡ್ಡು ಹಾಕಿದಾಗ ಹುಡುಕಿದ್ದು ಅಂಥ ಕೈಗಳನ್ನೇ. ಹನ್ನೆರಡು ಹೆಂಗಸರು ಸೇರಿದರು. ಒಂದು ವರ್ಷ ಕಲಿತರು, ಸುಟ್ಟುಕೊಂಡರು, ಮತ್ತೆ ಕಲಿತರು. ಕಡೆಗೊಮ್ಮೆ ವಿಮಾನದ ಉಪಕರಣ ಮಾಡುವ ಕಂಪನಿಯೊಂದು ಪರೀಕ್ಷೆಗೆಂದು ಒಂದು ಕಂತು ಮಾಲು ಕೊಟ್ಟಿತು. ಅದು ಪಾಸಾದರೆ ಶೆಡ್ಡು ಉಳಿಯುತ್ತದೆ, ಇಲ್ಲವಾದರೆ ಹನ್ನೆರಡು ಮಂದಿಯೂ ಮತ್ತೆ ಹೊಲಕ್ಕೆ.

ಮಾಲು ಸಿದ್ಧವಾಯಿತು. ಪ್ಯಾಕೆಟ್ ತುಂಬಿ ಮುಚ್ಚುವ ಪಾಳಿ ಫಕ್ಕೀರವ್ವನದು. ಸುತ್ತ ಯಾರೂ ಇರಲಿಲ್ಲ. ಹೊಸ ಕೆಲಸಕ್ಕೆ ಕೈ ಹಾಕಿದಾಗ ದೇವರಗುಡ್ಡದವರು ಏನು ಮಾಡುತ್ತಾರೋ ಅದನ್ನೇ ಮಾಡಿದರು. ಸೆರಗಿನ ಗಂಟು ಬಿಚ್ಚಿ, "ಮೈಲಾರಪ್ಪಾ, ನೀನ ಕಾಯೋ" ಎಂದು ಪ್ರತಿ ಪ್ಯಾಕೆಟ್ಟಿನೊಳಗೂ ಒಂದೊಂದು ಚಿಟಿಕೆ ಭಂಡಾರ ಉದುರಿಸಿ ಯಂತ್ರದಿಂದ ಬಾಯಿ ಮುಚ್ಚಿದರು. ಅರಿಶಿನದ ಪುಡಿ, ದೇವರ ಪ್ರಸಾದ, ಅದರಿಂದ ಕೆಟ್ಟದ್ದಾದರೂ ಏನಾದೀತು?

ಮರುದಿನ ಬೆಳಗ್ಗೆ, ಹನ್ನೆರಡು ಮಂದಿಯಲ್ಲಿ ಕಡೆಗೆ ಸೇರಿದ್ದ ನಿರ್ಮಲಾ ಟ್ರೇ ಮೇಲಿನ ಧೂಳನ್ನು ಬಾಯಿಂದ ಊದಿದಳು. ಫಕ್ಕೀರವ್ವ ಗದರಿದರು: "ಉಸಿರು ಬಿಡಬ್ಯಾಡ ಅದರ ಮ್ಯಾಲ. ಧೂಳು, ತ್ಯಾವ ಕುಂತ್ರ ಕರೆಂಟು ಹಾದಿ ತಪ್ಪತೈತಿ." ಮಾತು ಬಾಯಿಂದ ಹೊರಬಿದ್ದ ಮೇಲೆ ತಾವು ಮಾಡಿದ್ದೇನೆಂದು ಅವರಿಗೆ ಹೊಳೆಯಿತು. ಹೊರಗೆ ರುದ್ರಮುನಿ ಪೆಟ್ಟಿಗೆಯನ್ನು ಕಾರಿನಲ್ಲಿಟ್ಟು ಬಾಗಿಲು ಹಾಕುತ್ತಿದ್ದರು. ಪ್ಯಾಕೆಟ್ ಹೊಳೆಯುವ ಬೆಳ್ಳಿ ಬಣ್ಣದ್ದು, ಒಳಗಿನದು ಕಾಣುವುದಿಲ್ಲ. ಸುಮ್ಮನಿದ್ದರೆ ಪೆಟ್ಟಿಗೆ ಹಾಗೆಯೇ ಹೊರಟುಹೋಗುತ್ತಿತ್ತು, ಶೆಡ್ಡಿನಲ್ಲಿ ಯಾರಿಗೂ ತಿಳಿಯುತ್ತಿರಲಿಲ್ಲ.

ಫಕ್ಕೀರವ್ವ ಬರಿಗಾಲಲ್ಲೇ ಓಡಿದರು. "ಸರ, ತೆಗೀರಿ ಕೆಳಗ. ನಾ ಭಂಡಾರ ಹಾಕೇನಿ ಅದರಾಗ."

ಯಾಕೆ ಹೇಳಿದಿರಿ ಎಂದು ಕೇಳಿದೆ. ಪಾತ್ರೆಯ ಮೇಲಿನ ಕಿಟ್ಟ ತೆಗೆಯುತ್ತಲೇ ಹೇಳಿದರು: "ದೇವರು ಸಿಟ್ಟಾದ್ರ ಕಾಯಿ ಒಡದು ಸಮಾಧಾನ ಮಾಡಬಹುದ್ರಿ. ಮ್ಯಾಲ ಹಾರೋ ಹುಡುಗಗ ಏನರ ಆದ್ರ, ಅವರವ್ವನ ಮುಂದ ನಾ ಏನು ಒಡೀಲಿ?"

ರುದ್ರಮುನಿ ಬೈಯಲಿಲ್ಲ. ಅವರ ಮನೆದೇವರೂ ಮೈಲಾರನೇ. ಅಲ್ಲೇ ಕಂಪನಿಯ ಗುಣಮಟ್ಟ ಅಧಿಕಾರಿ ಅರುಣಾ ಅವರಿಗೆ ಫೋನು ಮಾಡಿ ಇದ್ದದ್ದು ಇದ್ದಂತೆ ಹೇಳಿದರು. ಮಾಲನ್ನು ಸರಿಪಡಿಸಿ ಕಳಿಸಲು ಅವರು ಮೂರು ದಿನ ಕೊಟ್ಟರು.

ಆ ಮೂರು ದಿನ ಶೆಡ್ಡಿನಲ್ಲಿ ಹಬ್ಬಕ್ಕಿಂತ ಹೆಚ್ಚಿನ ಗಡಿಬಿಡಿ. ಎಲ್ಲ ಪ್ಯಾಕೆಟ್ ಒಡೆದು, ಒಂದೊಂದನ್ನೂ ಸ್ಪಿರಿಟ್ಟಿನಲ್ಲಿ ತೊಳೆದು, ಓವನ್ನಿನಲ್ಲಿ ಒಣಗಿಸಿ, ಮತ್ತೆ ಭೂತಗನ್ನಡಿಯಡಿ ಕಾಲುಗಳ ಸಂದು ಸಂದು ಹುಡುಕಿದರು. "ಖರೇ ಹೇಳ್ತೇನಿ, ನಮಗೆಲ್ಲಾ ಸಿಟ್ಟು ಬಂದಿತ್ರಿ" ಎನ್ನುತ್ತಾಳೆ ನಿರ್ಮಲಾ. "ಆದ್ರ ಅಕ್ಕನ ಮಾರಿ ನೋಡಿದ್ವಿ, ಬಾಯಿ ಮುಚ್ಚಿ ಚಿಮಟಾ ಹಿಡದ್ವಿ."

ಮಾಲು ಹೋಯಿತು. ಪರೀಕ್ಷೆಯಲ್ಲಿ ಒಂದೇ ಒಂದು ಬಿಡಿಭಾಗವೂ ಫೇಲಾಗಲಿಲ್ಲ. ಸುದ್ದಿ ಬಂದಾಗ ಹನ್ನೆರಡು ಹೆಂಗಸರು ಹಾಕಿದ ಕೇಕೆಗೆ ಪಕ್ಕದ ಗ್ಯಾರೇಜಿನ ಅಲ್ಲಾಬಕ್ಷ ಸ್ಪ್ಯಾನರ್ ಹಿಡಿದೇ ಓಡಿಬಂದರಂತೆ, ಬೆಂಕಿ ಬಿತ್ತೆಂದು. ಅವರಿಗೂ ಪೇಢೆ ಸಿಕ್ಕಿತು.

ಮರುತಿಂಗಳು ಅರುಣಾ ಅವರೇ ಶೆಡ್ಡು ನೋಡಲು ಬಂದರು. "ಭಂಡಾರ ಹಾಕಿದವರು ಯಾರು?" ಎಂದರು. ಫಕ್ಕೀರವ್ವ ತಲೆ ತಗ್ಗಿಸಿ ಮುಂದೆ ಬಂದರು. "ನಮ್ಮ ಪ್ಯಾಕೆಟ್ಟುಗಳನ್ನು ಇನ್ನು ನೀವೇ ಮುಚ್ಚಬೇಕು. ತಪ್ಪಾದರೆ ನಮಗೆ ಗೊತ್ತಾಗುತ್ತದೆ ಅನ್ನುವ ಧೈರ್ಯ ನಿಮ್ಮಿಂದ ಬಂದಿದೆ" ಎಂದರು ಅರುಣಾ. ವರ್ಷದ ಆರ್ಡರ್ ಬಂತು, ಎರಡನೆಯ ಪಾಳಿ ಶುರುವಾಯಿತು. ಈಗ ಬ್ಯಾಡಗಿ ಕಡೆಯಿಂದಲೂ ಹುಡುಗಿಯರು ಬಂದು ಒಟ್ಟು ಮೂವತ್ತು ಜನ. ಹೊಸಬರಿಗೆ ಮೊದಲ ಪಾಠ ಫಕ್ಕೀರವ್ವನದೇ, ಅದರಲ್ಲಿ ತಮ್ಮ ಭಂಡಾರದ ಕತೆಯನ್ನು ಅವರು ಒಂದಕ್ಷರ ಬಿಡದೆ ಹೇಳುತ್ತಾರೆ. ಮೈಲಾರಪ್ಪನಿಗೂ ಅನ್ಯಾಯವಾಗಿಲ್ಲ. ಮಾಲು ಹೋಗುವ ದಿನ ಭಂಡಾರ ಬೀಳುತ್ತದೆ, ಸೋಮಪ್ಪನ ಟಂಟಂ ಗಾಲಿಗೆ.

ಹೊರಡುವಾಗ, ಒಮ್ಮೆಯಾದರೂ ವಿಮಾನ ಹತ್ತುವ ಆಸೆ ಇಲ್ಲವೇ ಎಂದು ಕೇಳಿದೆ. ಪೇಪರಿನವರು ಕೇಳುವ ಪ್ರಶ್ನೆಯೇ ಅದು.

"ನಾ ಯಾಕ ಹತ್ತಲಿ ಬಿಡ್ರಿ" ಎಂದು ಅವರು ಚಿಮಟ ಒರೆಸಿದರು. "ನಾ ಮುಚ್ಚಿದ ಪ್ಯಾಕೆಟ್ಟಿನ ವಿಮಾನ ಹಾರಿಸಿದ ಹುಡುಗ ಒಬ್ಬಾಂವ ಒಮ್ಮೆ ನಮ್ಮ ಮನಿಗೆ ಬಂದು ಎರಡು ರೊಟ್ಟಿ ತಿನ್ನಲಿ. ಬಂದಾನ ಅಂದ್ರ, ಛಂದಂಗ ಕೆಳಗ ಇಳದಾನ ಅಂತ ಆತಲ್ರಿ."