ಗಾಳಿ ತಳ್ಳಿದ್ದು, ಹರಿದು ಬಂದದ್ದು

ಅವರ ಬಲಗಾಲಿನ ಪ್ಯಾಂಟು ಸದಾ ಮೊಣಕಾಲಿನವರೆಗೆ ಮಡಚಿರುತ್ತಿತ್ತು, ಎಡಗಾಲಿನದು ಇಳಿಬಿದ್ದಿರುತ್ತಿತ್ತು. ಮಾರಿಕಣಿವೆ ಅಣೆಕಟ್ಟಿನಲ್ಲಿ ಗೇಜ್, ಅಂದರೆ ನೀರಿನ ಮಟ್ಟದ ಅಳತೆಪಟ್ಟಿ, ಓದಿ ಬರೆಯುವುದು ಅವರ ಕೆಲಸ. ಒಂದು ಕಾಲು ನೀರೊಳಗಿನ ಮೆಟ್ಟಿಲ ಮೇಲೆ, ಇನ್ನೊಂದು ಒಣ ಮೆಟ್ಟಿಲ ಮೇಲೆ. ಮದುವೆಮನೆಗೂ ಹಾಗೇ ಬಂದು ಹೆಂಡತಿಯ ಕೈಲಿ ಬೈಸಿಕೊಳ್ಳುತ್ತಿದ್ದರು. ಪಕ್ಕದ ಮನೆಯವಳಾದ ನನಗೆ ಅವರು ಗೇಜ್ ಮಾವ.

ಅಣೆಕಟ್ಟು ಕೋಡಿ ಬೀಳುವ ಹಂತಕ್ಕೆ ಬಂದ ವರ್ಷ ಜನ ಹೂವು ಹಿಡಿದು ಅವರನ್ನು ಸುತ್ತುವರಿದಿದ್ದರು. ಅಲೆ ಕೋಡಿಯ ಗುರುತನ್ನು ಮುಟ್ಟಿ ಮುಟ್ಟಿ ಹೋಗುತ್ತಿತ್ತು.

"ತುಂಬೈತೆ ಅಂತ ಬರೀರಿ, ಸಾಕು!" ಎಂದು ಕೂಗಾಟ.

ಮಾವ ಪುಸ್ತಕ ಮುಚ್ಚಿ ಕೂತುಬಿಟ್ಟರು. "ಗಾಳಿ ನಿಲ್ಲಲಿ ತಡೀರಿ. ಗಾಳಿ ತಳ್ಳಿದ ನೀರು ಬಂದ ನೀರಲ್ಲ."

ಗಾಳಿ ನಿಂತಾಗ ನೀರು ನಾಲ್ಕು ಬೆರಳು ಕೆಳಗಿತ್ತು. ಜನ ಗೊಣಗುತ್ತ ಹೋದರು.

ಮುಂದೆ ನಾನು ಕ್ವೇಸಾರ್‌ಗಳ ಹಿಂದೆ ಬಿದ್ದೆ. ದೂರದ ಗ್ಯಾಲಕ್ಸಿಗಳ ಕೇಂದ್ರದಲ್ಲಿರುವ ಕಪ್ಪುಕುಳಿಯ ಸುತ್ತ ಏಳುವ ಉರಿ ಅವು. ಉರಿ ಆರದಿರಲು ಹೊರಗಿನಿಂದ ಅನಿಲ ಹರಿದು ಬರಬೇಕು. ಆ ಹರಿವನ್ನು ಕಂಡವರು ಕಡಿಮೆ; ನಾಲ್ಕು ವರ್ಷ ಹೆಣಗಿ ಐದು ಗ್ಯಾಲಕ್ಸಿಗಳಲ್ಲಿ ಕಂಡೆನೆಂದುಕೊಂಡೆ. ಇನ್ನೊಂದು ತಂಡವೂ ಅದನ್ನೇ ಹುಡುಕುತ್ತಿತ್ತು. ಊರಿಗೆ ಬಂದಿದ್ದ ನಾನು ಸಂಜೆಯೊಳಗೆ ಲೇಖನ ಕಳಿಸಬೇಕಿತ್ತು.

ಹಾಸಿಗೆ ಹಿಡಿದಿದ್ದ ಮಾವನ ಮುಂದೆ ಲ್ಯಾಪ್‌ಟಾಪ್ ಇಟ್ಟು ಕೊಚ್ಚಿಕೊಂಡೆ. "ಅನಿಲ ಉರಿಯಿಂದ ಈಚೆ, ನಮ್ಮ ಕಡೆ ಐತೆ ಮಾವ, ನಮ್ಮಿಂದ ದೂರ ಸರೀತೈತೆ. ಅಂದ್ರೆ ಒಳಗೆ ಬೀಳ್ತೈತೆ."

"ಆ ಉರಿಯಿಂದ ಗಾಳಿ ಏಳಲ್ವೇನವ್ವ?"

"ಏಳ್ತೈತೆ."

"ಅನಿಲ ಆಚೆ ಕಡೆ ಇದ್ದು, ಗಾಳಿ ತಳ್ಳಿದ್ರೂ ನಿನ್ನಿಂದ ದೂರನೇ ಹೋಗ್ತೈತಲ್ಲ?"

ಸಿಟ್ಟು ನೆತ್ತಿಗೇರಿತು. "ಗೇಜ್ ಓದೋರಿಗೆ ಇದೆಲ್ಲ ಏನು ಗೊತ್ತಾಗ್ತೈತೆ?" ಎಂದುಬಿಟ್ಟೆ. ಮಾವ ಕಿಟಕಿಯ ಕಡೆ ತಿರುಗಿದರು.

ಹೊತ್ತು ಇಳಿಯಿತು. ನನ್ನ ಸಂಶೋಧನೆಯ ಗೈಡ್ ಎರಡು ಸಲ ಫೋನ್ ಮಾಡಿದರು. ಕಳಿಸುವ ಗುಂಡಿಯ ಮೇಲೆ ಬೆರಳಿಟ್ಟು ಕೂತೆ. ಅನಿಲ ಈಚೆ ಇದೆಯೋ ಆಚೆಯೋ ನಾನು ನೋಡಿರಲೇ ಇಲ್ಲ. ಈಚೆ ಇರಲಿ ಎಂಬುದು ನನ್ನ ಆಸೆ, ಅಷ್ಟೆ. ಕಳಿಸಲಿಲ್ಲ.

ಮತ್ತೆ ಅಳೆಯಲು ಎಂಟು ತಿಂಗಳು ಹಿಡಿಯಿತು. ಆ ತಂಡ ನನಗಿಂತ ಮೊದಲೇ ಪ್ರಕಟಿಸಿತು. ನನ್ನ ಐದರಲ್ಲಿ ನಾಲ್ಕು ಬರೀ ಗಾಳಿಯ ತಳ್ಳಾಟ; ಒಂದರಲ್ಲಿ ಮಾತ್ರ ಅನಿಲ ನಿಜವಾಗಿ ಒಳಗೆ ಹರಿಯುತ್ತಿತ್ತು. ಅಷ್ಟರಲ್ಲಿ ಮಾವ ತೀರಿಕೊಂಡಿದ್ದರು. ಅಂದಿನ ಮಾತಿಗೆ ನಾನು ಕ್ಷಮೆ ಕೇಳಿರಲಿಲ್ಲ.

ಮೊನ್ನೆ ಮಾವ ನಿಲ್ಲುತ್ತಿದ್ದ ಆ ಮೆಟ್ಟಿಲಿಗೆ ಇಳಿದೆ. ಗಾಳಿ ಜೋರಾಗಿತ್ತು. ಬಲಗಾಲಿನ ಪ್ಯಾಂಟು ಮಡಚಿಕೊಂಡು, ಗಾಳಿ ನಿಲ್ಲುವವರೆಗೂ ಕಾದೆ.

"ಐದರಲ್ಲಿ ಒಂದೇ, ಮಾವ," ಎಂದೆ. "ಆದ್ರೆ ಅದು ಬಂದ ನೀರು."