ಮೇಡಂ ಮಂಡಿ

ಖೋಖೋ ಆಡುವಾಗ ನನ್ನ ಮಂಡಿ ತಿರುಚಿದ್ದು ೨೦೦೩ರಲ್ಲಿ. ನಮ್ಮ ಶಾಲೆ ಮಕ್ಕಳಿಗಷ್ಟೇ ವಿಮೆ ಮಾಡಿಸಿತ್ತು. ಆಟಗಾರರನ್ನು ನೋಡುವ ಡಾಕ್ಟರು ಆ ವಿಮೆಯ ಕಾರ್ಡನ್ನು ಒಪ್ಪುತ್ತಿರಲಿಲ್ಲ. ಒಪ್ಪುವ ಡಾಕ್ಟರು ಆಟವನ್ನೇ ಬಿಡು ಎನ್ನುತ್ತಿದ್ದರು.

ಪಿ.ಟಿ. ಮೇಡಂ ಗಿರಿಜಾಂಬಾ ಸೋಲಲಿಲ್ಲ. ಒಂಟಿಕೊಪ್ಪಲ್‌ನಿಂದ ಲಕ್ಷ್ಮೀಪುರಂವರೆಗೆ ನನ್ನನ್ನು ಹಿಡಿದುಕೊಂಡು ಕ್ಲಿನಿಕ್ಕುಗಳ ಮೆಟ್ಟಿಲು ಹತ್ತಿದರು.

"ಕಾರ್ಡ್ ಒಪ್ಪಲ್ಲ ಅಂತ ಕೆಳಗೇ ಬೋರ್ಡ್ ಹಾಕಿ ಕಣ್ರೀ, ಹತ್ತೋದಾದ್ರೂ ತಪ್ಪುತ್ತೆ" ಎಂದು ಒಂದು ಕಡೆ ಗದರಿಯೂ ಬಿಟ್ಟರು.

ಆರನೆಯ ಡಾಕ್ಟರು ಒಪ್ಪಿದರು. ನನ್ನನ್ನು ಪರೀಕ್ಷಿಸಿ ಮುಗಿಸಿದವರು, ಮೇಡಂ ಕುರ್ಚಿ ಹಿಡಿದು ಏಳುವುದನ್ನು ನೋಡಿ ಕೇಳಿದರು: "ನಿಮ್ಮ ಮಂಡಿ ಎಷ್ಟು ವರ್ಷದಿಂದ ಹೀಗಿದೆ?"

"ಹದಿನಾಲ್ಕು. ಅದಿರ್ಲಿ ಬಿಡಿ, ಇವಳು ಯಾವಾಗ ಓಡ್ಬೋದು ಹೇಳಿ."

ಅವರ ಕುಂಟುನಡಿಗೆಯನ್ನು ಅಣಕಿಸಿ ಇಡೀ ತಂಡವನ್ನು ನಗಿಸುತ್ತಿದ್ದವಳು ನಾನೇ.