ಹತ್ತು ನಿಮಿಷ ಮುಂದಿದ್ದ ಸರ್ವರ್

೨೦೦೮ರಲ್ಲಿ ನಾನು ಹಾಸನದ ಒಂದು ಖಾಸಗಿ ವಿದ್ಯಾಸಂಸ್ಥೆಯ ಕೇಂದ್ರ ಕಚೇರಿಯಲ್ಲಿ ಸಿಸ್ಟಮ್ ಅಡ್ಮಿನಿಸ್ಟ್ರೇಟರ್ ಆಗಿದ್ದೆ. ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳಲ್ಲಿ ಸಂಸ್ಥೆಯ ಕಾಲೇಜುಗಳಿದ್ದವು. ಕಂಪ್ಯೂಟರ್ ವಿಭಾಗ ಎಂದರೆ ನಾನೊಬ್ಬಳೇ. ಸರ್ವರ್ ಕೋಣೆಗೆ ಕಿಟಕಿ ಇರಲಿಲ್ಲ. ಸಂಜೆ ಹಾಸ್ಟೆಲಿನಲ್ಲಿ ಯಾರಾದರೂ ಮಾತಾಡಿಸಿದಾಗ ಗಂಟಲು ಕಟ್ಟಿರುವುದು ತಿಳಿಯುತ್ತಿತ್ತು. ಬೆಳಗಿನಿಂದ ಅದಕ್ಕೆ ಕೆಲಸವೇ ಇರುತ್ತಿರಲಿಲ್ಲ.

ಆ ವರ್ಷ ಹಳೆಯ ನಾಲ್ಕು ಸರ್ವರ್‌ಗಳನ್ನು ಒಂದೇ ದೊಡ್ಡ ಯಂತ್ರದೊಳಗೆ ನಾಲ್ಕು ವರ್ಚುವಲ್ ಮೆಷಿನ್‌ಗಳಾಗಿ ಕೂರಿಸಿದ್ದೆವು. ಒಂದು ಮನೆಯಲ್ಲಿ ನಾಲ್ಕು ಬಾಡಿಗೆದಾರರಿದ್ದಂತೆ. ಪ್ರತಿಯೊಂದರೊಳಗೂ ಗೆಸ್ಟ್ ಟೂಲ್ಸ್ ಎಂಬ ಸಣ್ಣ ತಂತ್ರಾಂಶ ಇರಬೇಕು. ಬಾಡಿಗೆದಾರನಿಗೂ ಮನೆಗೂ ಹೊಂದಾಣಿಕೆ ಮಾಡಿಸುವುದು ಅದೇ. ಒಂದು ಭಾನುವಾರ ಖಾಲಿ ಕಚೇರಿಯಲ್ಲಿ ಕುಳಿತು ನಾಲ್ಕಕ್ಕೂ ಹೊಸ ಆವೃತ್ತಿ ಹಾಕಿದೆ. ಒಂದೊಂದನ್ನೂ ರೀಸ್ಟಾರ್ಟ್ ಮಾಡಿ, ನೆಟ್‌ವರ್ಕ್, ಡಿಸ್ಕ್, ಸಮಯ ಎಂದು ಪಟ್ಟಿಯಲ್ಲಿ ಗುರುತು ಹಾಕಿದೆ. ಸಮಯವನ್ನು ಗೋಡೆ ಗಡಿಯಾರಕ್ಕೆ ಹೋಲಿಸಿದೆ. ಎರಡೂ ಒಂದೇ ಇದ್ದವು.

ಮುಂದಿನ ಶನಿವಾರ ಆಡಳಿತಾಧಿಕಾರಿಗಳು ಹಾಜರಾತಿ ಪಟ್ಟಿ ಹಿಡಿದು ಬಂದರು. ನಾಲ್ಕೂ ಊರಿನ ನೌಕರರು ಕಾರ್ಡ್ ಉಜ್ಜಿದರೆ ಅದಕ್ಕೆ ಸಮಯದ ಮುದ್ರೆ ಒತ್ತುತ್ತಿದ್ದುದು ನಮ್ಮ ಸರ್ವರ್.

"ನೋಡಿದ್ರಾ ಮೇಡಮ್, ಒಂದೇ ವಾರದಲ್ಲಿ ಸೋಮಾರಿಗಳೆಲ್ಲ ಸಿಕ್ಕಾಕ್ಕೊಂಡ್ರು! ಹಾಸನದೋರು ಒಬ್ರೂ ಲೇಟಿಲ್ಲ, ಗೊತ್ತಾ?"

ತಿಂಗಳಿಗೆ ಆರು ಸಲ ತಡವಾದರೆ ಹಂಗಾಮಿ ನೌಕರರನ್ನು ಮುಂದುವರಿಸುತ್ತಿರಲಿಲ್ಲ. ಅರಕಲಗೂಡು ಕಾಲೇಜಿನ ಲ್ಯಾಬ್ ಅಟೆಂಡರ್ ಪುಟ್ಟಲಕ್ಷ್ಮಿಯವರ ಹೆಸರಿನ ಮುಂದೆ ಆರು ಗುರುತುಗಳಿದ್ದವು. ಎಲ್ಲವೂ ಒಂಬತ್ತೂವರೆ ದಾಟಿ ಎರಡು, ಮೂರು ನಿಮಿಷ. ಅವರನ್ನು ಕೆಲಸದಿಂದ ಬಿಡಿಸುವ ಪತ್ರ ಟೈಪಾಗಿತ್ತು, ಸೋಮವಾರ ಸಹಿ.

ಹಾಸನದವರು ಒಬ್ಬರೂ ತಡವಾಗಿಲ್ಲ ಎಂಬುದು ನನಗೆ ಅನುಮಾನ ತಂದಿತು. ಆಡಳಿತಾಧಿಕಾರಿಗಳು ಹೊರಟ ಮೇಲೆ ಅರಕಲಗೂಡಿಗೆ ಫೋನ್ ಮಾಡಿ ಪುಟ್ಟಲಕ್ಷ್ಮಿಯವರನ್ನು ಫೋನಿಗೆ ಕರೆಸಿದೆ.

"ಬಸ್ಸು ಒಂಬತ್ತೂಕಾಲ್ಗೇ ಬತ್ತದೆ ಕಣಮ್ಮ. ಇಳ್ದೇಟ್ಗೇ ಓಡ್ಬಂದು ಕಾರ್ಡ್ ಉಜ್ತೀನಿ. ಅದೆಂಗೆ ಲೇಟಾದೀತು?"

"ಈಗ ಅಲ್ಲಿ ಗಂಟೆ ಎಷ್ಟು?"

"ಅನ್ನೊಂದೂಕಾಲು."

ಸರ್ವರ್ ತೋರಿಸುತ್ತಿದ್ದುದು ಹನ್ನೊಂದು ಇಪ್ಪತ್ತೈದು. ಗೋಡೆ ಗಡಿಯಾರವೂ, ಅದನ್ನೇ ನೋಡಿ ಹೊಂದಿಸಿಕೊಂಡಿದ್ದ ನನ್ನ ಕೈಗಡಿಯಾರವೂ ಅಷ್ಟೇ. ಇಂಟರ್ನೆಟ್‌ನಲ್ಲಿ ನೋಡಿದೆ: ಹನ್ನೊಂದೂಕಾಲು.

ಕಾರಣ ಹೆಡ್ ಕ್ಲರ್ಕ್ ರಂಗಸ್ವಾಮಯ್ಯನವರಿಂದ ತಿಳಿಯಿತು. ಹೊಳೆನರಸೀಪುರದಿಂದ ಓಡಾಡುತ್ತಿದ್ದ ಅವರು ಸಂಜೆಯ ಬಸ್ಸು ತಪ್ಪದಿರಲೆಂದು ಕಚೇರಿಯ ಗಡಿಯಾರವನ್ನು ಹತ್ತು ನಿಮಿಷ ಮುಂದಿಟ್ಟಿದ್ದರು. ಕಚೇರಿಯೆಲ್ಲ ಆ ಗಡಿಯಾರದಂತೆಯೇ ಬರುತ್ತಿತ್ತು, ಹೋಗುತ್ತಿತ್ತು. ದೊಡ್ಡ ಯಂತ್ರ ಬಂದ ದಿನ ಅದನ್ನು ಜೋಡಿಸಿದವನಿಗೂ, "ಟೈಮ್ ತಪ್ಪೈತೆ, ನಮ್ ಗಡಿಯಾರ ನೋಡ್ಕಂಡು ಸರಿ ಮಾಡಪ್ಪ" ಅಂದಿದ್ದರು. ಹಾಜರಾತಿಯ ವರ್ಚುವಲ್ ಮೆಷಿನ್ ಆ ಭಾನುವಾರದವರೆಗೆ ಇಂಟರ್ನೆಟ್‌ನಿಂದ ಸಮಯ ಪಡೆಯುತ್ತಿದ್ದುದರಿಂದ ತೊಂದರೆಯಾಗಿರಲಿಲ್ಲ. ಹೊಸ ಗೆಸ್ಟ್ ಟೂಲ್ಸ್‌ನಲ್ಲಿ ಸಮಯವನ್ನು ಆ ದೊಡ್ಡ ಯಂತ್ರದಿಂದಲೇ ಪಡೆಯುವ ಆಯ್ಕೆಗೆ ತಾನಾಗಿಯೇ ಗುರುತು ಬಿದ್ದಿತ್ತು. ನಾನು ಅದನ್ನು ತೆರೆದು ನೋಡಿರಲಿಲ್ಲ.

ಆ ಗುರುತು ತೆಗೆಯಲು ಒಂದು ನಿಮಿಷವೂ ಬೇಕಾಗಲಿಲ್ಲ. ಆದರೆ ಪತ್ರ ಹಾಗೆಯೇ ಇತ್ತು. ತಪ್ಪು ನನ್ನದೆಂದು ನಾನೇ ಬರೆದುಕೊಡದಿದ್ದರೆ ಅದು ಯಾರಿಗೂ ತಿಳಿಯುವಂತಿರಲಿಲ್ಲ. ಸಲಹೆ ಕೇಳಲು ವಿಭಾಗದಲ್ಲಿ ಮೇಲಧಿಕಾರಿಯಾಗಲಿ ಜೊತೆಗಾರರಾಗಲಿ ಇರಲಿಲ್ಲ. ಅರ್ಧ ಪುಟ ಬರೆಯಲು ಆ ಮಧ್ಯಾಹ್ನವೆಲ್ಲ ಹಿಡಿಯಿತು.

ಆಡಳಿತಾಧಿಕಾರಿಗಳು ಎರಡು ಸಲ ಓದಿದರು. "ಯಾರೂ ಕೇಳಿರ್ಲಿಲ್ವಲ್ಲ ಮೇಡಮ್," ಎಂದಷ್ಟೇ ಅಂದರು. ಪುಟ್ಟಲಕ್ಷ್ಮಿಯವರ ಪತ್ರ ಹರಿದು ಹಾಕಿದರು. ನನಗೆ ಒಂದು ಮೆಮೊ ಕೊಟ್ಟರು.

ಗೋಡೆ ಗಡಿಯಾರವನ್ನೂ ಸರಿಪಡಿಸಿದರು. ಮೊದಲ ಸಂಜೆಯೇ ರಂಗಸ್ವಾಮಯ್ಯನವರಿಗೆ ಬಸ್ಸು ತಪ್ಪಿತು. "ಬನ್ನಿ, ಟೈಮ್ ಕೀಪರಮ್ಮ ಬಂದ್ರು," ಎಂದು ಮರುದಿನ ಎಲ್ಲರೆದುರು ಹೇಳಿದರು. ಕೆಲವರು ನಕ್ಕರು. ಸಂಜೆ ಹತ್ತು ನಿಮಿಷ ಮೊದಲೇ ಕಚೇರಿಯಿಂದ ಹೊರಡುವ ಸುಖ ಅವರೆಲ್ಲರಿಗೂ ತಪ್ಪಿತ್ತು. ಬೆಳಗಿನ ಚಹಾಕ್ಕೆ ನನ್ನನ್ನು ಕರೆಯುವುದು ನಿಂತಿತು. ಮೊದಲೂ ದಿನಾ ಕರೆಯುತ್ತಿರಲಿಲ್ಲ.

ತಿಂಗಳ ನಂತರ ಅರಕಲಗೂಡಿಗೆ ಕೆಲಸದ ಮೇಲೆ ಹೋದಾಗ ಪುಟ್ಟಲಕ್ಷ್ಮಿ ಲ್ಯಾಬಿನ ಬಾಗಿಲಲ್ಲೇ ಸಿಕ್ಕರು. ಐವತ್ತರ ಹೆಂಗಸು. ನಾನು ಕ್ಷಮೆ ಕೇಳಿದೆ.

"ನಾನೂ ಅದೇ ಏಳಿದ್ನಲ್ಲಮ್ಮ, ಬಸ್ಸು ಲೇಟಾಗಿಲ್ಲ ಅಂತ," ಎಂದರು. "ಪ್ರಿನ್ಸಿಪಾಲ್ರಿಗೂ ಏಳ್ದೆ, ಗುಮಾಸ್ತ್ರಿಗೂ ಏಳ್ದೆ. ಮಿಷಿನ್ ಸುಳ್ ಏಳ್ತದಾ ಅಂದ್ಬುಟ್ರು."

ಪಟ್ಟಿಯ ಗುರುತುಗಳನ್ನು ಒಂದೇ ಕೋಣೆಯಲ್ಲಿ ಕುಳಿತು ಹಾಕಬಾರದು ಎಂದು ಆ ಕೆಲಸ ನನಗೆ ಕಲಿಸಿತು. ಅಲ್ಲಿಂದ ಮುಂದೆ ಪ್ರತಿ ಅಪ್‌ಗ್ರೇಡ್ ಆದ ಮೇಲೂ ಅರಕಲಗೂಡಿಗೆ ಫೋನ್ ಮಾಡಿ ಗಂಟೆ ಎಷ್ಟೆಂದು ಕೇಳುತ್ತಿದ್ದೆ. ಪುಟ್ಟಲಕ್ಷ್ಮಿ ಗಂಟೆ ಹೇಳಿ, "ಊಟ ಆಯ್ತಾ ಮೇಡಮ್?" ಎನ್ನುತ್ತಿದ್ದರು. ಆಗಿರಲಿ, ಆಗದಿರಲಿ, ಇನ್ನೂ ಇಲ್ಲ ಎನ್ನುತ್ತಿದ್ದೆ. ಹಾಗೆಂದರೆ ಅವರು ಇನ್ನೂ ಸ್ವಲ್ಪ ಹೊತ್ತು ಮಾತಾಡುತ್ತಿದ್ದರು.